ಕೊರೊನಾ ವರ್ಷದ ಎರಡು ಶಾಲೆಗಳು: ಖಾಸಗಿ ಆನ್‌ಲೈನ್ ಕ್ಲಾಸು, ಸರ್ಕಾರಿ ವಠಾರ ಶಾಲೆ

ಕೊಪ್ಪಳ ಜಿಲ್ಲೆ, ಕಾರಟಗಿ ಕಡೆಯ ಹಳ್ಳಿ ನಮ್ಮದು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ನಮ್ಮ ಮನೆಯವರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. 2020-21ರಲ್ಲಿ ಮಗ ನಾಲ್ಕನೇ ಕ್ಲಾಸು, ಮಗಳು ಒಂಬತ್ತನೇ ಕ್ಲಾಸು. ಆ ಒಂದೇ ವರ್ಷದಲ್ಲಿ ಖಾಸಗಿ ಶಾಲೆಯ ಆನ್‌ಲೈನ್ ಕ್ಲಾಸು, ಚಂದನ ಟಿವಿಯ ಪಾಠ, ಸರ್ಕಾರಿ ಶಾಲೆಯ ಮಾಸ್ತರರು ಓಣಿಗೇ ಬಂದು ಪಾಠ ಮಾಡುವ ವಿದ್ಯಾಗಮ ಮೂರನ್ನೂ ನಮ್ಮ ಮನೆ ಕಂಡಿತು. ಈಗಲೂ ಅಡ್ಮಿಷನ್ ಟೈಮ್ ಬಂತೆಂದರೆ ಬ್ಲೌಸ್ ಅಳತೆ ಕೊಡಲು ಬಂದವರೆಲ್ಲ ಕೇಳುವುದು ಒಂದೇ ಮಾತು: ಪ್ರೈವೇಟೋ, ಸರ್ಕಾರಿಯೋ? ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಖಾಸಗಿ ಶಾಲೆಯ ಹೆಸರು ಬರೆಯುವುದಿಲ್ಲ.

ಮಕ್ಕಳಿಬ್ಬರೂ ಒಂದೇ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿದ್ದರು. 2020ರ ಮಾರ್ಚ್‌ನಲ್ಲಿ ಶಾಲೆಗೆ ಬೀಗ ಬಿತ್ತು. ಜೂನ್‌ನಲ್ಲಿ ಆನ್‌ಲೈನ್ ಕ್ಲಾಸು ಅಂದರು. ಅಷ್ಟರಲ್ಲಿ ಸಣ್ಣ ಮಕ್ಕಳಿಗೆ ಆನ್‌ಲೈನ್ ಬೇಡ ಎಂದು ಸರ್ಕಾರ ತಡೆಯಿತು, ಮೊದಲು ಐದನೇ ಕ್ಲಾಸಿನವರೆಗೆ, ಆಮೇಲೆ ಏಳರವರೆಗೆ. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆಯಾಜ್ಞೆ ಕೊಟ್ಟಿತು. ಮತ್ತೆ ಕ್ಲಾಸು ಶುರು.

ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು ಒಂದೇ. ಅದನ್ನು ಮಕ್ಕಳಿಗೆ ಬಿಟ್ಟು ಮನೆಯವರು ಹಳೇ ಬಟನ್ ಫೋನ್ ಹಿಡಿದು ಮಿಲ್ಲಿಗೆ ಹೋಗುತ್ತಿದ್ದರು. ಇಬ್ಬರ ಕ್ಲಾಸೂ ಬೆಳಗ್ಗೆ ಹತ್ತಕ್ಕೇ. ಮಗಳದು ಹೈಸ್ಕೂಲು ಎಂದು ಫೋನ್ ಅವಳ ಕೈಗೆ ಹೋಗುತ್ತಿತ್ತು. ಮಗನ ಪಾಲಿಗೆ ಉಳಿದದ್ದು ವಾಟ್ಸ್ಆ್ಯಪ್ ನೋಟ್ಸ್.

ಆ ನೋಟ್ಸ್ ಬಗ್ಗೆ ಹೇಳಲೇಬೇಕು. ಟೀಚರ್ ಬೋರ್ಡ್ ಮೇಲೆ ಬರೆದು ಫೋಟೊ ತೆಗೆದು ಕಳಿಸುತ್ತಿದ್ದರು. ಒಂದು ದಿನ ಬೋರ್ಡಿನ ಬಲಗಡೆ ಅಂಚು ಫೋಟೊದಲ್ಲಿ ಬಂದಿರಲಿಲ್ಲ. ಮಗ ಅದನ್ನು ಇದ್ದಂತೆಯೇ ಬರೆದುಕೊಂಡಿದ್ದ. ದುಂಡಗಿನ ಅಕ್ಷರ, ಎರಡು ಪುಟ, ಪ್ರತಿ ಸಾಲಿನ ಕೊನೆಗೂ ಅರ್ಧ ಪದ. 'ಪ್ಲಾಂಟ್ಸ್ ಮೇಕ್ ದೇರ್ ಓನ್ ಫೂ' ಎಂದು ಬರೆದು ಫುಲ್ ಸ್ಟಾಪ್ ಇಟ್ಟಿದ್ದ. ಆ ಪುಟದ ಫೋಟೊ ಶಾಲೆಗೆ ಹೋಯಿತು. ತಿರುಗಿ 'ವೆರಿ ಗುಡ್' ಎಂದು ಬಂತು, ಜೊತೆಗೊಂದು ಸ್ಟಾರ್. ಫೂ ಅಂದರೆ ಏನಪ್ಪಾ ಎಂದು ಕೇಳಿದೆ. 'ಗೊತ್ತಿಲ್ಲವ್ವ, ಟೀಚರ್ ಹಂಗೇ ಬರದಾರ' ಅಂದ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಟೀಚರನ್ನು ದೂರುತ್ತಿಲ್ಲ. ಆ ಹೆಣ್ಣುಮಗಳಿಗೆ ಆ ವರ್ಷ ಅರ್ಧ ಸಂಬಳ. ಒಂದು ಕ್ಲಾಸಿನ ಅಷ್ಟೂ ಮಕ್ಕಳ ಫೋಟೊಗಳನ್ನು ಸಣ್ಣ ಸ್ಕ್ರೀನ್‌ನಲ್ಲಿ ಒಬ್ಬರೇ ತಿದ್ದುವುದೆಂದರೆ ಸುಮ್ನೆ ಮಾತಲ್ಲ. ಆದರೆ ಶಾಲೆಯ ಆಫೀಸಿನಿಂದ ಫೀಜಿಗಾಗಿ ಬರುವ ಫೋನ್ ಮಾತ್ರ ಒಂದು ವಾರವೂ ತಪ್ಪಲಿಲ್ಲ. ಬೋಧನಾ ಶುಲ್ಕದಲ್ಲಿ ಶೇ 70 ಮಾತ್ರ ತೆಗೆದುಕೊಳ್ಳಿ ಎಂದು ಸರ್ಕಾರ ಆದೇಶ ಮಾಡಿದ್ದು 2021ರ ಜನವರಿ 29ಕ್ಕೆ. ಅಷ್ಟರಲ್ಲಿ ನಮ್ಮಂಥವರು ಕೈಸಾಲ ಮಾಡಿ ಒಂದು ಕಂತು ಕಟ್ಟಿ ಆಗಿತ್ತು. ಆಮೇಲೆ ಶಾಲೆಗಳು ಕೋರ್ಟಿಗೆ ಹೋದವು. ಶೇ 15 ಕಡಿತ ಎಂದು ಹೈಕೋರ್ಟ್ ಹೇಳಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ.

ಈ ಆದೇಶಗಳಿಗೂ ಮೊದಲೇ, ಮಗನನ್ನು ಊರ ಸರ್ಕಾರಿ ಶಾಲೆಗೆ ಹಾಕೋಣ ಎಂದು ನಾನು ಅಂದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. 'ಅಲ್ಲಿ ಹಾಕಿದ್ರ ಇಂಗ್ಲಿಷ್ ಎಲ್ಲಿಂದ ಬರ್ತದ? ನಾನು ಮಿಲ್ಲಿನಾಗ ಒಂದು ಇಂಗ್ಲಿಷ್ ಲೆಟರ್ ಬರಿಯಾಕ ಮಾಲಕರ ಮಗನ್ನ ಕೇಳ್ತೀನಿ. ಅವನೂ ಹಂಗೇ ಆಗಬೇಕೇನು?' ಎಂದರು ಮನೆಯವರು. ಅವರ ಮಾತಿನಲ್ಲಿ ಹುರುಳಿತ್ತು. ಇವತ್ತಿಗೂ ಇದೆ. ನಾನು ಅಂದದ್ದು ಇಷ್ಟೇ: 'ರೀ, ಈಗ ಅವನಿಗೆ ಭಾಗಾಕಾರ ಬರ್ತಿಲ್ಲ. ಕನ್ನಡ ಓದಾಕ ತಡವರಿಸ್ತಾನ. ಹತ್ರ ಕೂತು ಹೇಳಿಕೊಡೋರು ಯಾರರ ಬೇಕು.' ಮೈದುನ ಅಣ್ಣನ ಪರ, ಅತ್ತೆ ನನ್ನ ಪರ. ಕೊನೆಗೆ ಮಗ ಸರ್ಕಾರಿಗೆ, ಮಗಳು ಇದ್ದಲ್ಲೇ ಎಂದು ತೀರ್ಮಾನವಾಯಿತು.

ಹಾಗೆ ಮಾಡುವವರಿಗೆ ಒಂದು ಮಾತು. ಹಳೇ ಬಾಕಿ ಕಟ್ಟದೆ ಟಿಸಿ ಕೊಡುವುದಿಲ್ಲ ಎಂದು ನಮಗೆ ಹೇಳಿದರು. ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ: ಎಂಟನೇ ಕ್ಲಾಸಿನವರೆಗೆ ಮಗು ಸರ್ಕಾರಿ ಶಾಲೆಗೆ ಬದಲಾದರೆ ಟಿಸಿಯನ್ನು ಕೂಡಲೇ ಕೊಡಬೇಕು. ಟಿಸಿ ಬರುವುದು ತಡವಾಯಿತು ಎಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ನಮ್ಮ ಊರ ಹೆಡ್‌ ಮಾಸ್ತರರು ಇದನ್ನು ತಿಳಿದವರು. ಅವತ್ತೇ ಹೆಸರು ಬರೆದುಕೊಂಡರು.

ವಿದ್ಯಾಗಮ ಶುರುವಾದದ್ದು 2020ರ ಆಗಸ್ಟ್‌ನಲ್ಲಿ. ವಠಾರ ಶಾಲೆ ಎಂದೂ ಕರೆಯುತ್ತಿದ್ದರು. ಸ್ಮಾರ್ಟ್‌ಫೋನ್ ಇರುವವರು, ಬರೀ ಫೋನ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳ ಪಟ್ಟಿ ಮಾಡಿ, ಮಾಸ್ತರರೇ ಮಕ್ಕಳಿದ್ದ ಓಣಿಗೆ ಬಂದು ಪಾಠ ಮಾಡುತ್ತಿದ್ದರು. ನಮ್ಮ ಓಣಿಯ ಪಾಠ ಹನುಮಪ್ಪನ ಗುಡಿ ಕಟ್ಟೆಯ ಮೇಲೆ. ಮಾಸ್ಕ್ ಹಾಕಿಕೊಂಡ ಹತ್ತು ಹನ್ನೆರಡು ಮಕ್ಕಳು ದೂರ ದೂರ ಕೂರುತ್ತಿದ್ದರು. ಮನೆ ಎದುರೇ ಕಟ್ಟೆ ಇದ್ದದ್ದರಿಂದ ಮಿಷನ್ ತುಳಿಯುತ್ತಲೇ ಎಲ್ಲ ನೋಡುತ್ತಿದ್ದೆ.

ಮೊದಲ ವಾರವೇ ಸರ್ ನಮ್ಮ ಮನೆಯಿಂದ ಒಂದು ಬೊಗಸೆ ಹುಣಸೆ ಬೀಜ ಇಸಿದುಕೊಂಡರು. ಮಗನ ಮುಂದೆ ಹದಿನೇಳು ಬೀಜ ಇಟ್ಟು, ಐದು ಜನಕ್ಕೆ ಸರಿಯಾಗಿ ಹಂಚು ಅಂದರು. ಅವನು ಎದ್ದು ಒಬ್ಬೊಬ್ಬರ ಮುಂದೆ ಒಂದೊಂದೇ ಇಡುತ್ತಾ ಹೋದ. ಮೂರು ಸುತ್ತು ಆಯಿತು. ಕೈಯಲ್ಲಿ ಎರಡು ಉಳಿದವು. 'ಸರ್, ಇವು ಯಾರಿಗೆ?' ಎಂದು ಕೇಳಿದ. 'ಅದೇ ಶೇಷ, ಸ್ಲೇಟಿನ ಮೇಲೆ ಬರಿ' ಅಂದರು. ವಾಟ್ಸ್ಆ್ಯಪ್‌ನಲ್ಲಿ ತಿಂಗಳುಗಟ್ಟಲೆ ಬಾರದ ಭಾಗಾಕಾರ ಆ ಕಟ್ಟೆಯ ಮೇಲೆ ಬಂತು. ಮಗ್ಗಿ ಬಾರದವನು ಯಾರು, ಒತ್ತಕ್ಷರ ಬಿಡುವವರು ಯಾರು ಎಂಬುದು ಸರ್‌ಗೆ ಕೆಲವೇ ದಿನಗಳಲ್ಲಿ ಬಾಯಿಪಾಠ. ನೋಟ್‌ಬುಕ್ ತಿದ್ದಿದರೆ ತಪ್ಪಿನ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಸರಿ ಉತ್ತರ, ಕೆಳಗೆ ತಾರೀಖು, ಸಹಿ.

ಜೊತೆಗೆ ಬಿಸಿಯೂಟದ ಬದಲು ಅಕ್ಕಿ, ತೊಗರಿಬೇಳೆ ಮನೆಗೇ ಕೊಟ್ಟರು. 2002ರಲ್ಲಿ ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, ಮೊದಲು ಶುರುವಾದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಕೂಲಿ ನಿಂತ ಮನೆಗಳಿಗೆ ಆ ಬೇಳೆ ಎಷ್ಟು ಆಸರೆಯಾಯಿತು ಎಂಬುದು ನಮ್ಮ ಓಣಿಗೆ ಗೊತ್ತು.

ಕೊರತೆಗಳೂ ಇದ್ದವು. ಪಾಠ ದಿನಾ ಇರಲಿಲ್ಲ. ಸರ್ ಬೇರೆ ಓಣಿಗಳಿಗೂ ಹೋಗಬೇಕಿತ್ತು. ಮಳೆ ಬಂದರೆ ರಜೆ. ಇಂಗ್ಲಿಷ್ ಹೆಚ್ಚುಕಡಿಮೆ ನಿಂತೇ ಹೋಯಿತು. ಆಮೇಲೆ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬರತೊಡಗಿ ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನೇ ನಿಲ್ಲಿಸಿದರು. ನಿಲ್ಲಿಸಿದ್ದು ಸರಿ. ಪಾಠ ಮಾಡಲು ಹೋಗಿ ಮಾಸ್ತರರು ಜೀವ ಕಳೆದುಕೊಳ್ಳಬಾರದು. ಆದರೆ ಫೋನ್ ಇಲ್ಲದ ಮಕ್ಕಳಿಗೆ ಅದರ ಬದಲು ಏನು ಎಂಬ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಜನವರಿಯಲ್ಲಿ ಮತ್ತೆ ಶುರುವಾದದ್ದು ಆರನೇ ಕ್ಲಾಸಿನಿಂದ ಮೇಲಿನವರಿಗೆ. ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗಿ ಕಲಿತದ್ದನ್ನೆಲ್ಲ ಮರೆತು ಕೂತಿದ್ದಳು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಚಂದನದ 'ಸಂವೇದ' ಪಾಠಗಳು ಜುಲೈನಲ್ಲೇ ಹೈಸ್ಕೂಲು ಮಕ್ಕಳಿಗೆ ಬರತೊಡಗಿದ್ದವು. ಮಗಳಿಗೆ ಅವು ಹಿಡಿಸಿದವು. ವಿಜ್ಞಾನ ಹೇಳುವವರು ನಿಧಾನ, ಚಿತ್ರ ಸ್ಪಷ್ಟ. ಕರೆಂಟ್ ಹೋದರೆ ಮಾತ್ರ ಆ ದಿನದ ಪಾಠ ಹೋದಂತೆಯೇ, ಅದೂ ನಮ್ಮ ಕಡೆ ಕರೆಂಟ್ ಹೋಗುವುದು ಜಾಸ್ತಿ. ಟಿವಿಗೆ ಪ್ರಶ್ನೆ ಕೇಳಲೂ ಆಗುವುದಿಲ್ಲ ಅಲ್ವಾ?

ಖಾಸಗಿ ಶಾಲೆಯ ಒಳ್ಳೆಯದನ್ನೂ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಆನ್‌ಲೈನ್ ಪಾಠ ನಾಲ್ಕನೇ ಕ್ಲಾಸಿನದಕ್ಕಿಂತ ಎಷ್ಟೋ ವಾಸಿ. ಮಗಳು ತಾನೇ ಓದಿ ತಿಳಿಯುವ ವಯಸ್ಸಿನವಳು. ಗಣಿತದ ಸರ್ ಸಂಜೆ ಕರೆ ಮಾಡಿದರೂ ಬೇಸರವಿಲ್ಲದೆ ಲೆಕ್ಕ ಬಿಡಿಸಿ ಹೇಳುತ್ತಿದ್ದರು. 2021ರ ಫೆಬ್ರುವರಿಯಲ್ಲಿ ಒಂಬತ್ತನೆಯವರಿಗೆ ಶಾಲೆ ತೆರೆದಾಗ ಒಂದು ದಿನವೂ ಹಾಳು ಮಾಡದೆ ಪಾಠ ಮುಗಿಸಿದರು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಪರೀಕ್ಷೆ ಇಲ್ಲದೆ ಎಲ್ಲರೂ ಪಾಸು ಎಂದಾಗಲೂ ಮಗಳಿಗೆ ಪಾಠ ಬಾಕಿ ಇರಲಿಲ್ಲ.

ನಾನು ಮಾರ್ಕ್ಸ್ ಹಾಕುವುದಾದರೆ: ಸಣ್ಣ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಐದಕ್ಕೆ ಒಂದು, ಹೈಸ್ಕೂಲಿನದಕ್ಕೆ ಮೂರು, ಸಂವೇದಕ್ಕೆ ಮೂರು, ವಿದ್ಯಾಗಮ ನಡೆದಷ್ಟು ದಿನಕ್ಕೆ ನಾಲ್ಕು.

ಒಂದರಿಂದ ಐದರವರೆಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮಗ ಆಗ ಐದನೇ ಕ್ಲಾಸು. ಮುಂದೆಯೂ ಅಲ್ಲೇ ಇರಲಿ ಎಂದು ಮನೆಯವರೇ ಹೇಳಿದರು. ಇಂಗ್ಲಿಷ್ ಬಗ್ಗೆ ಅವರ ಚಿಂತೆ ಹೋಗಿಲ್ಲ. ರಾತ್ರಿ ಊಟ ಆದಮೇಲೆ ಅಪ್ಪ ಮಗ ಇಬ್ಬರೂ ಸೇರಿ ಒಂದೊಂದು ಇಂಗ್ಲಿಷ್ ಪ್ಯಾರಾ ಓದುವುದು ಆಗ ರೂಢಿಯಾಯಿತು.

ಈ ಸಲ ಅಡ್ಮಿಷನ್ ಮಾಡಿಸುವವರು ಕಟ್ಟಡ, ಬಸ್ಸು, ಟೈ ನೋಡುವ ಮೊದಲು ಆ ಶಾಲೆಯಲ್ಲಿ ಓದುವ ಯಾವುದಾದರೂ ಮಗುವಿನ ಹೋದ ವರ್ಷದ ನೋಟ್‌ಬುಕ್ ಕೇಳಿ ಇಸಿದುಕೊಳ್ಳಿ. ತಪ್ಪುಗಳನ್ನು ಯಾರಾದರೂ ತಿದ್ದಿದ್ದಾರಾ, ತಿದ್ದಿದ ಮೇಲೆ ಮಗು ಮತ್ತೆ ಬರೆದಿದೆಯಾ, ಅಷ್ಟು ನೋಡಿ. ಅದು ಖಾಸಗಿಯಾದರೂ ಸರಿ, ಸರ್ಕಾರಿಯಾದರೂ ಸರಿ.