ಗೂಗಲ್ ಲೆನ್ಸ್: ಸುದ್ದಿ ತುಣುಕು ಹಂಚುವವರ ಕೈಗೊಂದು ಒಳ್ಳೆಯ ಸಾಧನ

ನಾನು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ನಮ್ಮ ಓದುಗರದ್ದೊಂದು ವಾಟ್ಸಾಪ್ ಗುಂಪಿದೆ. ಬೆಳಿಗ್ಗೆ ಅದಕ್ಕೊಂದು ಸುದ್ದಿ ತುಣುಕು ಹಾಕುತ್ತೇನೆ. ನೆಟ್‌ನಲ್ಲಿ ಸಿಕ್ಕಿದ್ದು, ನಮ್ಮ ಕಡೆಗೆ ಏನಾದರೂ ಸಂಬಂಧ ಇರುವಂಥದ್ದು. ಅದರ ಕೆಳಗೆ ನನ್ನದು ಎರಡು ಮಾತು. ಆಮೇಲೆ ಮಾತೆಲ್ಲ ಓದುಗರದ್ದು.

ಈ ಕೆಲಸಕ್ಕೆ ನಾನು ನೆಚ್ಚಿಕೊಂಡಿರುವುದು ಗೂಗಲ್ ಲೆನ್ಸ್, ಅಂದರೆ ಪದದ ಬದಲು ಚಿತ್ರ ಕೊಟ್ಟು ನೆಟ್‌ನಲ್ಲಿ ಹುಡುಕುವ ಸಾಧನ. ಪುಕ್ಕಟೆ ಸಿಗುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ, ಐಫೋನ್‌ನವರು ಗೂಗಲ್ ಆ್ಯಪ್ ಹಾಕಿಕೊಂಡರೆ ಆಯ್ತು. 2017ರಿಂದ ಇದೆ. ಆದರೂ ಗಿಡದ ಹೆಸರು ನೋಡೋಕೆ, ಸೀರೆಯ ಬೆಲೆ ನೋಡೋಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸದವರೇ ಜಾಸ್ತಿ. ಸುದ್ದಿ ಹಂಚುವವರಿಗೆ ಇದು ಎಷ್ಟು ಉಪಯೋಗ ಅಂತ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಸುದ್ದಿ ತುಣುಕು ಅಂದರೆ ಎಲ್ಲಿಂದಲೋ ಕತ್ತರಿಸಿಕೊಂಡು ಬಂದದ್ದು. ಕತ್ತರಿಸುವಾಗ ಮೊದಲು ಹೋಗುವುದು ತಾರೀಕು, ಆಮೇಲೆ ಊರು. ಸುದ್ದಿ ನಿಜವೇ ಇರಬಹುದು. ಆದರೆ ನಾಲ್ಕು ವರ್ಷ ಹಿಂದಿನ ನಿಜ ಇವತ್ತು ಹಂಚಿದರೆ ಸುಳ್ಳಾಗುತ್ತದೆ, ಅಲ್ವಾ? ಲೆನ್ಸ್ ಆ ತಾರೀಕನ್ನೂ ಊರನ್ನೂ ಹುಡುಕಲು ದಾರಿ ತೋರಿಸುತ್ತದೆ. ಚಿತ್ರ ಕೊಟ್ಟರೆ ಅದೇ ಚಿತ್ರ ಬೇರೆ ಎಲ್ಲೆಲ್ಲಿ ಬಂದಿದೆ ಅಂತ ಪುಟಗಳನ್ನು ಮುಂದಿಡುತ್ತದೆ. ಅದರಲ್ಲಿ ಹಳೆಯದು ಯಾವುದು ಅಂತ ನಾವೇ ತೆರೆದು ನೋಡಬೇಕು. ಆ ಕೆಲಸವನ್ನು ಅದು ಮಾಡಿಕೊಡುವುದಿಲ್ಲ.

ಮಳೆಗಾಲದ ರಜೆ ಆದೇಶವನ್ನೇ ತೆಗೆದುಕೊಳ್ಳಿ. ಜುಲೈ ಬಂತೆಂದರೆ ರಾತ್ರಿ ಹೊತ್ತು ಗುಂಪಿಗೆ ಸಹಿ, ಸೀಲು ಎಲ್ಲ ಇರುವ ಕಾಗದದ ಫೋಟೋ ಬರುತ್ತದೆ. "ಅಕ್ಕಾ, ನಾಳೆ ರಜೆ ಅಂತೆ, ಹೌದಾ?" ಅಂತ ಮಕ್ಕಳಿಂದ ಮೆಸೇಜು. ಫೋಟೋ ಮಸುಕಾಗಿರುತ್ತದೆ, ಓದಲು ಕಷ್ಟ. ಲೆನ್ಸ್‌ನಲ್ಲಿ ಅಕ್ಷರ ಆರಿಸುವ ಸೌಲಭ್ಯ ಇದೆ. ಕನ್ನಡ ಅಕ್ಷರವನ್ನೂ ಚಿತ್ರದಿಂದ ಎತ್ತಿ ಕೊಡುತ್ತದೆ. ತಾರೀಕು, ವಾರ, ತಾಲ್ಲೂಕಿನ ಹೆಸರು ಬೇರೆ ಬೇರೆಯಾಗಿ ಕಾಣುತ್ತವೆ. 2024ರ ಜುಲೈ 15 ಸೋಮವಾರ. 2025ರಲ್ಲಿ ಅದೇ ತಾರೀಕು ಮಂಗಳವಾರ. ಹಳೆಯ ಆದೇಶದ ಇಸವಿ ತಿದ್ದಿದವರು ವಾರ ತಿದ್ದಲು ಮರೆತರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಇನ್ನೊಂದು ಮಾತು. ರಜೆ ಕೆಲವೊಮ್ಮೆ ಕೆಲವು ತಾಲ್ಲೂಕಿಗೆ ಮಾತ್ರ ಇರುತ್ತದೆ. ತೀರ್ಥಹಳ್ಳಿಗೆ ಕೊಟ್ಟದ್ದು ಭದ್ರಾವತಿಗೆ ಸೇರುವುದಿಲ್ಲ. ಹಾಗಾಗಿ ಆದೇಶ ಹಂಚುವಾಗ ತಾಲ್ಲೂಕಿನ ಹೆಸರನ್ನು ನಾನು ಮೇಲೆಯೇ ಬರೆಯುತ್ತೇನೆ. ಮಳೆಯಲ್ಲಿ ಹಳ್ಳ ದಾಟಿ ಬರುವ ಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ.

ಲಿಂಗನಮಕ್ಕಿ ಚಿತ್ರಗಳದ್ದೂ ಇದೇ ಕಥೆ. ಗೇಟು ತೆಗೆದು ನೀರು ಧುಮುಕುವ ಫೋಟೋ, "ಈಗ ತಾನೇ" ಅನ್ನುವ ಸಾಲು. ಅಣೆಕಟ್ಟಿನ ಗರಿಷ್ಠ ಮಟ್ಟ 1819 ಅಡಿ. ಅದರ ಹತ್ತಿರ ನೀರು ಬಾರದೆ ಗೇಟು ತೆಗೆಯುವ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಲೆನ್ಸ್‌ಗೆ ಕೊಟ್ಟರೆ ಎಷ್ಟೋ ಸಲ ಹಿಂದಿನ ಮಳೆಗಾಲದ ಸುದ್ದಿಯ ಜೊತೆ ಅದೇ ಫೋಟೋ ಸಿಗುತ್ತದೆ. ಆಗ ಫೋಟೋ ಬಿಟ್ಟು ಆ ದಿನದ ನೀರಿನ ಮಟ್ಟವನ್ನಷ್ಟೇ ಹಾಕುತ್ತೇನೆ. ಶರಾವತಿ ದಂಡೆಯ ಮೇಲೆ, ಜೋಗದ ಕೆಳಗೆ ಗೇರುಸೊಪ್ಪೆಯವರೆಗೂ ಜನ ಇದ್ದಾರೆ. ಸುಮ್ನೆ ಹೆದರಿಸಬಾರದು. ನಿಜವಾದ ಎಚ್ಚರಿಕೆ ಬಂದ ದಿನ ಅವರು ಅದನ್ನು ನಂಬಬೇಕಲ್ಲ.

ಎಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಮಂಗನ ಕಾಯಿಲೆಯ ಸುದ್ದಿ. ಈ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂಗ್ಲಿಷಿನಲ್ಲಿ ಅದಕ್ಕೆ ಆ ಕಾಡಿನದೇ ಹೆಸರು. ಹರಡುವುದು ಉಣುಗು ಕಚ್ಚಿ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಚಳಿಗಾಲ ಮುಗಿದು ಬೇಸಿಗೆ ಬರುವಾಗ, ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಸಮಯದಲ್ಲೇ ಇದು ಹೆಚ್ಚು. ಅದೇ ಸಮಯಕ್ಕೆ ಸತ್ತ ಮಂಗನ ಫೋಟೋಗಳು ಗುಂಪಿನಿಂದ ಗುಂಪಿಗೆ ಓಡುತ್ತವೆ. ಯಾವ ಊರಿನ ಮಂಗ, ಯಾವತ್ತು ಸತ್ತದ್ದು, ಏನೂ ಇರುವುದಿಲ್ಲ. ಒಮ್ಮೆ ಇಂಥ ಫೋಟೋ ಬಂದಾಗ ಪಕ್ಕದ ಮಜರೆಯ ಅಜ್ಜಿಯೊಬ್ಬರು ಮೊಮ್ಮಗಳ ಫೋನ್‌ನಲ್ಲಿ ಮಾತಾಡಿ ಕೇಳಿದರು, "ಹೌದಾ ಮಾರಾಯ್ತಿ, ನಮ್ಮ ಹಾಡ್ಯದಲ್ಲೇ ಅಂತಲ್ಲ?" ಲೆನ್ಸ್‌ಗೆ ಹಾಕಿ ನೋಡಿದರೆ ಅದು ಹಳೆಯ ಫೋಟೋ, ಬೇರೆ ರಾಜ್ಯದ್ದು. ಅವರಿಗೆ ಹಾಗೆಂದು ಹೇಳಿದೆ. ಹೇಳಿ ಅಲ್ಲಿಗೆ ಬಿಡಲಿಲ್ಲ. ನಿಜವಾಗಲೂ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಕ್ಷಣ ತಿಳಿಸಿ ಅಂತ ಗುಂಪಿಗೂ ಬರೆದೆ.

ಈ ಕಾಯಿಲೆಯ ಲಸಿಕೆ ಬಗ್ಗೆಯೂ ಹಳೆಯ ತುಣುಕುಗಳು ಓಡಾಡುತ್ತವೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಅದರ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಅದಕ್ಕೂ ಮುಂಚಿನ "ಲಸಿಕೆ ಹಾಕಿಸಿಕೊಳ್ಳಿ" ಅನ್ನುವ ಪತ್ರಿಕೆ ತುಣುಕನ್ನು ಈಗ ಕಳಿಸಿದರೆ ಓದಿದವರು ಆಸ್ಪತ್ರೆಗೆ ಹೋಗಿ ಬರಿಗೈಲಿ ವಾಪಸ್ ಬರುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಹೋದವರು ಅವರು. ತಾರೀಕು ಹುಡುಕುವುದು ನನಗೆ ಅಷ್ಟು ಮುಖ್ಯ ಆಗಿರುವುದು ಇಂಥವರನ್ನು ನೋಡಿಯೇ.

ಅಡಿಕೆ ಧಾರಣೆಗೆ ಲೆನ್ಸ್ ಅಷ್ಟೇನೂ ಬೇಕಾಗುವುದಿಲ್ಲ. ಅಲ್ಲಿ ಬೇಕಾಗುವುದು ನಮ್ಮ ಎರಡು ಮಾತು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯಲ್ಲಿ ಬಗೆಗಳಿವೆ, ಎಲ್ಲದಕ್ಕೂ ಬೇರೆ ಬೇರೆ ದರ. ಸರಕಿನ ಗರಿಷ್ಠ ದರವನ್ನು "ಅಡಿಕೆ ದರ" ಅಂತ ಹಾಕಿದ ಚಿತ್ರ ನೋಡಿ ಗೊರಬಲು ಇಟ್ಟುಕೊಂಡವರು ಲೆಕ್ಕ ಹಾಕಿದರೆ ಹೇಗೆ? ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ಆಯಾ ದಿನದ ದರ ಇರುತ್ತದೆ, ಅದನ್ನು ನೋಡಿ ಅಂತ ಬರೆದರೆ ಸಾಕು.

ಇಂಗ್ಲಿಷ್ ತುಣುಕುಗಳಿಗೆ ಲೆನ್ಸ್ ಇನ್ನೊಂದು ರೀತಿ ನೆರವಾಗುತ್ತದೆ. ಚಿತ್ರದ ಮೇಲೆಯೇ ಕನ್ನಡ ಮಾಡಿ ತೋರಿಸುತ್ತದೆ. ಅದನ್ನು ಹಾಗೆಯೇ ಹಂಚಬೇಡಿ. ಅರ್ಥ ಮಾಡಿಕೊಂಡು ನಮ್ಮ ಮಾತಿನಲ್ಲಿ ಬರೆಯಿರಿ. 2024ರ ಅಕ್ಟೋಬರ್‌ನಲ್ಲಿ ಕಾಳಿಂಗ ಸರ್ಪದ ಸುದ್ದಿ ಬಂತು. ಅದುವರೆಗೆ ಒಂದೇ ಜಾತಿ ಅಂದುಕೊಂಡಿದ್ದ ಹಾವು ನಾಲ್ಕು ಜಾತಿ ಅಂತ ಸಂಶೋಧಕರು ತೋರಿಸಿದರು. ಡಿಎನ್‌ಎ, ಮೈಮೇಲಿನ ಪಟ್ಟೆಗಳು ಎಲ್ಲವನ್ನೂ ಹೋಲಿಸಿ ನೋಡಿದ್ದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ಆಗುಂಬೆಯಲ್ಲಿ ಈ ಹಾವಿನ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ ಪಿ. ಗೌರಿಶಂಕರ್ ಆ ತಂಡದ ಮುಂದಾಳು. ನಮ್ಮ ಗುಂಪಿನಲ್ಲಿ ಆ ದಿನ ನಡೆದ ಮಾತುಕತೆ ನೋಡಬೇಕಿತ್ತು. ಸೌದೆ ಕೊಟ್ಟಿಗೆಯಲ್ಲಿ ಕಂಡದ್ದು, ಕೇರೆ ಹಾವನ್ನು ನುಂಗುತ್ತಿದ್ದದ್ದು, ತರಗೆಲೆ ಗುಡ್ಡೆ ಹಾಕಿ ಗೂಡು ಮಾಡಿದ್ದು, ಒಬ್ಬೊಬ್ಬರದ್ದೂ ಒಂದೊಂದು. ಹಾವನ್ನು ಹೊಡೆಯುವ ಮಾತು ಒಂದೂ ಬರಲಿಲ್ಲ. ಗುಂಪು ನಡೆಸುವವಳಿಗೆ ಇದಕ್ಕಿಂತ ಸಂತೋಷ ಏನಿದೆ?

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆದಾಗಲೂ ಹಾಗೇ. ಮೊದಲು ಬಂದ ಫೋಟೋ ಬೇರೆ ಊರಿನ ಸೇತುವೆಯದ್ದು, ಲೆನ್ಸ್ ಕೂಡಲೇ ಅದರ ಊರು ಹೇಳಿತು. ಸರಿಯಾದ ಫೋಟೋ ಹಾಕಿದ ಮೇಲೆ ತುಮರಿ ಕಡೆಯ ಓದುಗರೊಬ್ಬರು ಉದ್ದಕ್ಕೆ ಬರೆದರು. ಲಿಂಗನಮಕ್ಕಿ ಹಿನ್ನೀರು ಬಂದು ಊರು ಆಚೆ ಉಳಿದದ್ದು, ಸಂಜೆ ಹಿನ್ನೀರು ದಾಟಿಸುವ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಮನೆಯವರು ಪಡುತ್ತಿದ್ದ ಪಾಡು. ಆ ಬರಹ ಯಾವ ಸುದ್ದಿಯಲ್ಲೂ ಇರಲಿಲ್ಲ.

ಲೆನ್ಸ್‌ನಿಂದ ಆಗದ್ದೂ ಇದೆ. ಧ್ವನಿ ಸಂದೇಶಕ್ಕೆ ಅದರಿಂದ ಏನೂ ಉಪಯೋಗ ಇಲ್ಲ. ವಿಡಿಯೋ ಆದರೆ ಒಂದು ಕಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಕೊಡಬೇಕು. ನೆಟ್‌ಗೆ ಬಾರದ, ಕಾಗದದಲ್ಲಿ ಮಾತ್ರ ಅಚ್ಚಾದ ಸುದ್ದಿ ಅದಕ್ಕೆ ಸಿಗುವುದಿಲ್ಲ. ಏನೂ ಸಿಗಲಿಲ್ಲ ಅಂದರೆ ಸುದ್ದಿ ಸುಳ್ಳು ಅಂತಲೂ ಅಲ್ಲ, ನಿಜ ಅಂತಲೂ ಅಲ್ಲ. ಕೈಯಿಂದ ಕೈಗೆ ದಾಟಿ ಸವೆದ ಚಿತ್ರದಲ್ಲಿ ಒತ್ತಕ್ಷರ ತಪ್ಪಾಗಬಹುದು, ಒಮ್ಮೆ ಕಣ್ಣಾಡಿಸಿ. ಸಿಗ್ನಲ್ ಬೇಕೇ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ಟವರೂ ಮಲಗುತ್ತದೆ. ಅಂಥ ದಿನ ತುಣುಕು ಹಾಕುವುದನ್ನೇ ಬಿಡುತ್ತೇನೆ. ಇನ್ನೊಂದು ವಿಷಯ, ಲೆನ್ಸ್‌ಗೆ ಕೊಟ್ಟ ಚಿತ್ರ ಗೂಗಲ್‌ನ ಸರ್ವರ್‌ಗೆ ಹೋಗುತ್ತದೆ. ಆಧಾರ್ ಕಾರ್ಡು, ರೋಗಿಯ ಚೀಟಿ, ಮಕ್ಕಳ ಮುಖ ಇರುವ ಫೋಟೋ ಕೊಡಬೇಡಿ.

ಯಾವುದನ್ನು ಮೊದಲು ಪರೀಕ್ಷಿಸಬೇಕು ಅಂತ ತಿಳಿಯಲು ವಾಟ್ಸಾಪ್‌ನಲ್ಲೇ ಒಂದು ಗುರುತಿದೆ. ಸಂದೇಶದ ಮೇಲೆ ಎರಡು ಬಾಣ ಕಂಡರೆ ಅದು ಕಡಿಮೆಯೆಂದರೂ ಐದು ಕೈ ದಾಟಿ ಬಂದಿದೆ ಅಂತ ಅರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಬಹುದು. ಎರಡು ಬಾಣ ಇದ್ದರೆ ಮೊದಲು ಲೆನ್ಸ್, ಆಮೇಲೆ ಗುಂಪು.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಊರಿನ ಗುಂಪು, ಶಾಲೆಯ ಗುಂಪು, ಸಂಘದ ಗುಂಪು ನಡೆಸುವವರೆಲ್ಲ ಕಲಿಯಬೇಕು. ಕಲಿಯಲು ಹತ್ತು ನಿಮಿಷ ಸಾಕು. ಚಿತ್ರವನ್ನು ಗ್ಯಾಲರಿಗೆ ಉಳಿಸಿಕೊಳ್ಳಿ, ಗೂಗಲ್ ಆ್ಯಪ್‌ನ ಹುಡುಕುವ ಪಟ್ಟಿಯಲ್ಲಿರುವ ಕ್ಯಾಮೆರಾ ಗುರುತು ಒತ್ತಿ, ಆ ಚಿತ್ರ ಆರಿಸಿ. ಬಂದ ಪುಟಗಳಲ್ಲಿ ಕನಿಷ್ಠ ಎರಡನ್ನು ತೆರೆದು ತಾರೀಕು ನೋಡಿ. ಆ ತಾರೀಕು, ಊರು ಎರಡನ್ನೂ ತುಣುಕಿನ ಮೊದಲ ಸಾಲಿನಲ್ಲೇ ಬರೆದು ಕಳಿಸಿ.