ದೇವನಹಳ್ಳಿ ಏರ್‌ಪೋರ್ಟು: ಮೈಸೂರಿನ ಕಡೆಯಿಂದ ನೋಡಿದರೆ

ನಿಲ್ದಾಣ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮೈಸೂರಿನ ಮಂಡಕಳ್ಳಿ ನಿಲ್ದಾಣದ ರನ್‌ವೇ ಚಿಕ್ಕದಾದ್ದರಿಂದ ಮೈಸೂರು, ಮಂಡ್ಯದವರು ಪರದೇಶಕ್ಕೆ ಹೊರಟರೆ ಸಾಮಾನ್ಯವಾಗಿ ಕೆಂಪೇಗೌಡ ನಿಲ್ದಾಣಕ್ಕೇ ಹೋಗಬೇಕು. ನಮ್ಮವರು ಎಡವುವುದು ಎರಡು ಕಡೆ: ದಾರಿಯ ಲೆಕ್ಕದಲ್ಲಿ, ಬ್ಯಾಗಿಗೆ ತುಂಬುವ ತಿಂಡಿಯಲ್ಲಿ.

ದೂರ ಸುಮಾರು 180 ಕಿ.ಮೀ. ಎಕ್ಸ್‌ಪ್ರೆಸ್‌ವೇ ಮುಗಿಯುವವರೆಗೆ ಎರಡು ಗಂಟೆ ಸಾಕು. ಅಸಲಿ ಕಥೆ ಶುರುವಾಗುವುದು ಕೆಂಗೇರಿಯಿಂದ ಹೆಬ್ಬಾಳದವರೆಗೆ. ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಟರ್ಮಿನಲ್ಲಿಗೇ ಬಿಡುತ್ತದೆ, ದೊಡ್ಡ ಸೂಟ್‌ಕೇಸು ಕೆಳಗಿನ ಡಿಕ್ಕಿಯಲ್ಲಿ ಆರಾಮಾಗಿ ಹಿಡಿಯುತ್ತದೆ. ನಾಲ್ಕು ಗಂಟೆಯ ದಾರಿಗೆ ಐದು ಹಿಡಿಯಿರಿ. ರಾತ್ರಿ 2ರ ವಿಮಾನಕ್ಕೆ 11ಕ್ಕೆ ಅಲ್ಲಿರಬೇಕು, ಅಂದರೆ ಸಂಜೆ 6ಕ್ಕೆ ಹೊರಡಬೇಕು. ಆದರೆ ಹಾಗೆ ಹೊರಟರೆ 8ರ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ಟ್ರಾಫಿಕ್ಕಿನ ಬಾಯಿಗೆ ಸಿಗುತ್ತೀರಿ. ಇನ್ನೂ ಅರ್ಧ ಗಂಟೆ ಮುಂಚೆ ಬಿಡುವುದೇ ಕ್ಷೇಮ. ರೈಲಿನಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಏರ್‌ಪೋರ್ಟಿನ ವಾಯುವಜ್ರ ಬಸ್ಸು ಹತ್ತುವುದು ಒಂದೇ ಬ್ಯಾಗಿದ್ದವರಿಗೆ ಸರಿ.

ಟಿಕೆಟ್ಟಿನಲ್ಲಿ ಟರ್ಮಿನಲ್ ಟಿ1 ಇದೆಯೋ ಟಿ2 ಇದೆಯೋ ಮನೆಯಲ್ಲೇ ನೋಡಿಕೊಳ್ಳಿ. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲ ಟಿ2ಕ್ಕೆ ಹೋದವು. ಒಂದೇ ಕಂಪನಿಯದಾದರೂ ದೇಶದೊಳಗಿನದು ಟಿ1ರಿಂದ, ಹೊರಗಿನದು ಟಿ2ರಿಂದ ಹೊರಡುವುದುಂಟು. ತಪ್ಪಿಳಿದರೆ ಶಟಲ್ ಬಸ್ಸಿದೆ, ಹೋಗುವುದು ನಿಮ್ಮ ಸಮಯ. ಟಿ2ರ ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳು ನೋಡುವಂಥವೇ, ಆದರೆ ಚೆಕ್-ಇನ್ ಮುಗಿದ ಮೇಲೆ ನೋಡಿ.

ಇನ್ನು ಬ್ಯಾಗು. ಮಗಳಿಗೆಂದು ಅಮ್ಮಂದಿರು ಕಟ್ಟಿಕೊಡುವುದರಲ್ಲಿ ಮೊದಲು ಸಿಕ್ಕಿಬೀಳುವುದು ಕೊಬ್ಬರಿ. ಅದರ ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅದನ್ನು ಅಪಾಯದ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ಗಿಟುಕನ್ನು ಮನೆಯಲ್ಲೇ ಬಿಡಿ. ತುಪ್ಪ ಕೈಚೀಲಕ್ಕೆ ಬೇಡ. ಅಲ್ಲಿ ಅಳೆಯುವುದು ಬಾಟಲಿಯ ಅಳತೆ, ಒಳಗಿರುವುದನ್ನಲ್ಲ: 200 ಎಂಎಲ್ ಬಾಟಲಿಯಲ್ಲಿ ತಳದಲ್ಲಷ್ಟೇ ತುಪ್ಪವಿದ್ದರೂ 100ರ ಮಿತಿ ಮೀರಿದಂತೆಯೇ. ತುಪ್ಪ, ಮೆಣಸಿನಕಾಯಿ ಉಪ್ಪಿನಕಾಯಿ ಎರಡನ್ನೂ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಚೆಕ್-ಇನ್ ಬ್ಯಾಗಿನ ನಡುವೆ ಬಟ್ಟೆಯೊಳಗೆ ಹುದುಗಿಸಿ. ಅಮೆರಿಕಕ್ಕಾದರೆ ಸಾರಿನ ಪುಡಿ, ಚಟ್ನಿಪುಡಿಯೂ ಅದರಲ್ಲೇ ಹೋಗಲಿ. ಮೈಸೂರು ಪಾಕು ಕೈಯಲ್ಲೇ ಇರಲಿ, ತಕರಾರಿಲ್ಲ.

ಪವರ್‌ಬ್ಯಾಂಕಿನದು ಇದಕ್ಕೆ ತದ್ವಿರುದ್ಧ: ಕೈಚೀಲದಲ್ಲೇ ಇರಬೇಕು. ಮರೆತು ಕೆಳಗಿನ ಬ್ಯಾಗಿಗೆ ಹಾಕಿದರೆ ಸ್ಕ್ಯಾನಿಂಗಿನಲ್ಲಿ ಬ್ಯಾಗು ನಿಲ್ಲಿಸಿ ನಿಮ್ಮನ್ನು ಕರೆಸುತ್ತಾರೆ, ಅಷ್ಟು ಹೊತ್ತು ಕಟ್ಟಿದ ಕವರು, ಟೇಪು ಎಲ್ಲ ಬಿಚ್ಚಬೇಕು.