ಗ್ಯಾರೇಜ್ ಬಿಲ್ ತಕರಾರು: ಮಾತು, 1915, ನೋಟಿಸ್, ಆಯೋಗ – ಯಾವುದರಿಂದ ದುಡ್ಡು ವಾಪಸ್ ಬಂತು?

ಪುಣೆಯ ವಾಕಡ್ ಕಡೆ ಇರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. "ಗ್ಯಾರೇಜಿನವನು ಬಿಲ್ ಜಡಿದಿದ್ದಾನೆ, ಕಾರು ಮಾತ್ರ ಹಾಗೇ ಇದೆ. ಏನ್ ಮಾಡ್ಲಿ?" ಒಬ್ಬರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ವಕೀಲರ ನೋಟಿಸ್ ಅನ್ನುತ್ತಾರೆ. ಮತ್ತೊಬ್ಬರು ಸೀದಾ ಗ್ರಾಹಕರ ಕೋರ್ಟು, ಅಂದರೆ ಗ್ರಾಹಕ ಆಯೋಗ. ಒಂದೇ ಕಾರಿನ ಒಂದೇ ಕಾಯಿಲೆಗೆ ಮೂರು ಕಡೆ ದುಡ್ಡು ಕಟ್ಟಿದ ನಾನು ಈ ಎಲ್ಲ ದಾರಿಗಳನ್ನೂ ತುಳಿದಿದ್ದೇನೆ. ಗ್ಯಾರೇಜುಗಳ ಹೆಸರು ಹೇಳಲ್ಲ, ಅದರಿಂದ ನಿಮಗೆ ಪ್ರಯೋಜನವೂ ಇಲ್ಲ.

ಕಾರು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಚಿಂಚವಡದ ಒಬ್ಬರಿಂದ ತಗೊಂಡಿದ್ದು. ದಿನಾ ಓಡಿಸಿದರೆ ಏನೂ ತೊಂದರೆ ಇಲ್ಲ. ಶುಕ್ರವಾರ ರಾತ್ರಿ ನಿಲ್ಲಿಸಿ ಸೋಮವಾರ ಕೀ ತಿರುಗಿಸಿದರೆ ಬರೀ ಟಕ್ ಟಕ್ ಶಬ್ದ. ಮನೆ ಹತ್ತಿರದ ಚಿಕ್ಕ ಗ್ಯಾರೇಜಿನವರು ಹೊಸ ಬ್ಯಾಟರಿ ಹಾಕಿದರು. ಆಮೇಲೆ ಎಸಿ ಹಾಲು, ಕಾಫಿ ಮಷಿನ್ ಎಲ್ಲ ಇರುವ ಒಂದು ಮಲ್ಟಿಬ್ರ್ಯಾಂಡ್ (ಎಲ್ಲ ಕಂಪನಿಯ ಕಾರು ನೋಡುವ) ವರ್ಕ್‌ಶಾಪ್‌ಗೆ ಹೋದೆ. ಅಲ್ಲಿ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ, ಬದಲಿಸಿದರು, ಕೂಲಿ ಸೇರಿ 11,000 ರೂಪಾಯಿ. ಜೊತೆಗೆ 'ವೈರಿಂಗ್ ರಿಪೇರಿ' ಅಂತ ಇನ್ನೊಂದು 3,100. ಮೂರನೆಯದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್. ತಪಾಸಣೆಗೆ 2,400, ನಾನು ಕೇಳದೇ ಇದ್ದ ವೈಪರ್ ಮತ್ತು ಎಂಜಿನ್ ಕ್ಲೀನಿಂಗ್‌ಗೆ 1,900. ಇಷ್ಟಾದ ಮೇಲೆ ಬಾಡಿ ಕಂಟ್ರೋಲ್ ಮಾಡ್ಯೂಲ್ (ದೀಪ, ಲಾಕ್ ಇವನ್ನೆಲ್ಲ ನೋಡಿಕೊಳ್ಳುವ ಕಂಪ್ಯೂಟರ್) ಹೋಗಿದೆ ಅಂತ 26,000ದ ಎಸ್ಟಿಮೇಟ್ ಕೈಗಿಟ್ಟರು.

ರೋಗ ಹಿಡಿದವರು ನಾನಾ ಪೇಠದ ಸ್ಪೇರ್ ಪಾರ್ಟ್ ಅಂಗಡಿಗಳ ನಡುವೆ ಕೂರುವ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಬಾನೆಟ್ ಎತ್ತಿದರು. ಬಾಗಿಲು ತೆಗೆದೇ ಇಟ್ಟು, ಅದರ ಲಾಕ್ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದರು, ಬಾಗಿಲು ಹಾಕಿದೆ ಅಂತ ಕಾರು ನಂಬಲಿ ಅಂತ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ನಡುವೆ ಕರೆಂಟು ಅಳೆಯುವ ಮಲ್ಟಿಮೀಟರ್ ಸಿಕ್ಕಿಸಿದರು. ಆಮೇಲೆ ಚಹಾ. ಕಾರಿನೊಳಗಿನ ಕಂಪ್ಯೂಟರುಗಳೆಲ್ಲ ಮಲಗಲು ಅರ್ಧ ಗಂಟೆಯಾದರೂ ಬಿಡಬೇಕಂತೆ. ವಾಪಸ್ ಬಂದು ನೋಡಿದರೆ ಮೀಟರ್‌ನಲ್ಲಿ 0.38 ಆಂಪಿಯರ್. ನಿಂತ ಕಾರಿನಲ್ಲಿ ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಇರಬೇಕು. ಒಂದೊಂದೇ ಫ್ಯೂಸ್ ಎಳೆಯುತ್ತಾ ಹೋದರು. ರೇಡಿಯೋ ಫ್ಯೂಸ್ ಎಳೆದದ್ದೇ ತಡ, 0.02.

ಹಳೇ ಮಾಲೀಕರು ಹೊರಗಡೆಯ ಮ್ಯೂಸಿಕ್ ಸಿಸ್ಟಂ ಹಾಕಿಸಿದ್ದರು. ಅದರ ಹಿಂದೆ ಹಳದಿ, ಕೆಂಪು ಎರಡು ತಂತಿ ಇರುತ್ತವೆ. ಹಳದಿಗೆ ಸದಾ ಕರೆಂಟು, ಕೆಂಪಿಗೆ ಕೀ ಹಾಕಿದಾಗ ಮಾತ್ರ. ಇಲ್ಲಿ ಎರಡನ್ನೂ ಒಟ್ಟಿಗೆ ತಿರುಚಿ, ಕರಿ ಟೇಪ್ ಸುತ್ತಿ, ಸದಾ ಕರೆಂಟು ಇರುವ ಲೈನಿಗೇ ಕೊಟ್ಟಿದ್ದರು. ಅಂದರೆ ಸಿಸ್ಟಂ ಯಾವತ್ತೂ ಆಫ್ ಆಗುತ್ತಲೇ ಇರಲಿಲ್ಲ. 35 ಆಂಪಿಯರ್ ಅವರ್ ಬ್ಯಾಟರಿಯಿಂದ 60 ಗಂಟೆಯಲ್ಲಿ ಸುಮಾರು 23 ಹೀರಿದರೆ ಸೋಮವಾರ ಏನು ಉಳಿಯುತ್ತದೆ? ಎಲೆಕ್ಟ್ರಿಷಿಯನ್ ತಗೊಂಡದ್ದು 600 ರೂಪಾಯಿ. ವಾಹನ ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆ ಇರುವ ಊರು ಇದು. ನನ್ನ ಕಾರಿಗೆ ಬೇಕಾಗಿದ್ದು ಒಂದು ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ.

ಆ ಎಲೆಕ್ಟ್ರಿಷಿಯನ್ ಲೆಟರ್‌ಹೆಡ್‌ನಲ್ಲಿ ಈ ರೀಡಿಂಗುಗಳನ್ನೆಲ್ಲ ಬರೆಸಿಕೊಂಡೆ, ಫ್ಯೂಸ್ ಎಳೆಯುವಾಗ ವಿಡಿಯೋ ಕೂಡ ಮಾಡಿಕೊಂಡೆ. ಮುಂದೆ ಹೇಳುವ ಯಾವ ದಾರಿಗೆ ಹೋದರೂ ಕೆಲಸಕ್ಕೆ ಬಂದದ್ದು ಈ ಕಾಗದ, ಜೊತೆಗೆ ಜಾಬ್ ಕಾರ್ಡಿನ (ಕಾರು ಬಿಡುವಾಗ ವರ್ಕ್‌ಶಾಪಿನವರು ಬರೆದುಕೊಳ್ಳುವ ಕಾಗದದ) ಒಂದು ಸಾಲು. ಜಾಬ್ ಕಾರ್ಡಿನಲ್ಲಿ ಗ್ರಾಹಕರ ದೂರು ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಸರ್ವಿಸ್ ಅಡ್ವೈಸರ್ 'ಆಲ್ಟರ್ನೇಟರ್ ಬದಲಿಸಬೇಕು' ಅಂತ ಬರೆದುಕೊಂಡರೆ, ನೀವು ಹೇಳಿದ್ದನ್ನೇ ಮಾಡಿದೆವು ಅಂತ ಕೈ ತೊಳೆದುಕೊಳ್ಳುತ್ತಾರೆ. 'ಎರಡು ದಿನ ನಿಂತರೆ ಸ್ಟಾರ್ಟ್ ಆಗಲ್ಲ' ಅಂತ ಬರೆಸಿದ್ದರೆ, ಆ ತೊಂದರೆ ಹೋಗಿದೆಯಾ ಇಲ್ಲವಾ ಅನ್ನೋದೇ ಪ್ರಶ್ನೆ. ನನ್ನ ಕಾರ್ಡಿನಲ್ಲಿ ಎರಡನೆಯದು ಇತ್ತು. ಅಡ್ವೈಸರ್ ಹಿಂದಿಯಲ್ಲಿ ಏನೋ ಗೀಚಿದ್ದನ್ನು ಹೊಡೆದುಹಾಕಿಸಿ ಬರೆಸಿದ್ದೆ.

ಇನ್ನು ದಾರಿಗಳ ವಿಷಯ. ಚಿಕ್ಕ ಗ್ಯಾರೇಜಿನ ಜೊತೆ ಜಗಳಕ್ಕೆ ಹೋಗಲೇ ಇಲ್ಲ. ಪೂರ್ತಿ ಖಾಲಿಯಾಗುತ್ತಾ ಬಂದ ಹಳೇ ಬ್ಯಾಟರಿ ನಿಜಕ್ಕೂ ಸತ್ತಿತ್ತು. ಹೊಸದಕ್ಕೆ ವಾರಂಟಿ ಕಾರ್ಡ್ ಇದೆ. ಕಾರಣ ಹುಡುಕಲಿಲ್ಲ ಅನ್ನೋದು ಬಿಟ್ಟರೆ ಅವರದ್ದೇನೂ ಮೋಸ ಇರಲಿಲ್ಲ.

ಮಲ್ಟಿಬ್ರ್ಯಾಂಡ್‌ನವರ ಜೊತೆ ಮೊದಲು ಮಾತು. ಅಡ್ವೈಸರ್ ಜೊತೆ ವಾದ ಮಾಡಿ ಉಪಯೋಗ ಇಲ್ಲ, ಅವರ ಕೈಯಲ್ಲಿ ಒಂದು ರೂಪಾಯಿ ಬಿಡುವ ಅಧಿಕಾರವೂ ಇರಲ್ಲ. ವರ್ಕ್‌ಶಾಪ್ ಮ್ಯಾನೇಜರ್ ಬೇಕು ಅಂತ ಕೂತೆ. ಬಿಲ್ಲಿನ ಒಂದೊಂದು ಸಾಲಿಗೂ ಬೆರಳಿಟ್ಟು, "ಇದು ಯಾವ ತಂತಿ? ಎಲ್ಲಿ ತುಂಡಾಗಿತ್ತು? ಫೋಟೋ ಇದೆಯಾ?" ಅಂತ ಕೇಳಿದೆ. ವೈರಿಂಗ್ ಸಾಲಿಗೆ ಅವರ ಹತ್ತಿರ ಉತ್ತರ ಇರಲಿಲ್ಲ. 3,100 ವಾಪಸ್ ಬಂತು. ಆಲ್ಟರ್ನೇಟರ್ ವಿಷಯಕ್ಕೆ ಮಾತ್ರ ಅವರು ಗಟ್ಟಿ ನಿಂತರು. ಕೆಲಸಕ್ಕೆ ಮುಂಚೆ ಅವರೇ ತೆಗೆದ ಶೀಟಿನಲ್ಲಿ ಚಾರ್ಜಿಂಗ್ 14.1 ವೋಲ್ಟ್ ಅಂತ ಇತ್ತು, ಅಂದರೆ ಚೆನ್ನಾಗಿಯೇ ಇತ್ತು. ಅದಕ್ಕೆ ಅವರು ಆಲ್ಟರ್ನೇಟರ್ ಒಳಗಿನ ಡಯೋಡ್ ಅನ್ನುವ ಭಾಗ ಲೀಕ್ ಆಗಿದ್ದರೂ ಬ್ಯಾಟರಿ ಇಳಿಯುತ್ತದೆ ಅಂದರು. ಈ ಮಾತು ಸುಳ್ಳಲ್ಲ, ಹಾಗೂ ಆಗುತ್ತದೆ. ಸರಿ, ಹಳೇ ಆಲ್ಟರ್ನೇಟರ್ ಕೊಡಿ, ಟೆಸ್ಟ್ ಮಾಡಿಸೋಣ ಅಂದೆ. ಅದು ಸ್ಕ್ರ್ಯಾಪ್‌ಗೆ ಹೋಗಿತ್ತು. ಯಾವ ಭಾಗ ಬದಲಿಸಿದರೂ ಹಳೆಯದನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡು ಬನ್ನಿ ಅನ್ನೋದು ಇದಕ್ಕೇ.

ಇಲ್ಲಿ ಒಂದು ಮಾತು. ದುಡ್ಡು ಕೊಡಲ್ಲ ಅಂತ ಗೇಟಿನಲ್ಲಿ ಗಲಾಟೆ ಮಾಡುವ ದಾರಿಯನ್ನು ಗುಂಪಿನಲ್ಲಿ ತುಂಬಾ ಜನ ಹೇಳುತ್ತಾರೆ. ಬೇಡ. 1872ರ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ವಸ್ತುವಿನ ಮೇಲೆ ಕೆಲಸ ಮಾಡಿದವರು ತಮಗೆ ಬರಬೇಕಾದ ಹಣ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಕಾರು ಅಲ್ಲೇ ನಿಂತಿರುತ್ತದೆ, ನೀವು ಆಫೀಸಿಗೆ ರಿಕ್ಷಾದಲ್ಲಿ ಓಡಾಡುತ್ತೀರಿ. ದುಡ್ಡು ಕಟ್ಟಿ, ಬಿಲ್ಲಿನ ಪ್ರತಿಯ ಮೇಲೆ 'ಆಕ್ಷೇಪಣೆ ಇಟ್ಟುಕೊಂಡು ಪಾವತಿಸಿದೆ' ಅಂತ ಬರೆದು ಸಹಿ ಹಾಕಿ, ಫೋಟೋ ತೆಗೆಯಿರಿ. ಗೇಟ್ ಪಾಸಿನಲ್ಲಿ 'ಕೆಲಸ ತೃಪ್ತಿಕರ' ಅಂತ ಅಚ್ಚು ಹಾಕಿಸಿಟ್ಟಿರುತ್ತಾರೆ. ಅದರ ಕೆಳಗೆ ಸುಮ್ನೆ ಸಹಿ ಮಾಡಬೇಡಿ. ಎರಡು ದಿನ ನಿಲ್ಲಿಸಿ ನೋಡಿಲ್ಲ ಅಂತ ಸೇರಿಸಿ.

1915 ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇದರ ದೊಡ್ಡ ಸುಖ ಅಂದರೆ ಕನ್ನಡದಲ್ಲೇ ಮಾತಾಡಬಹುದು. ಮರಾಠಿಯಲ್ಲಿ ಆಲ್ಟರ್ನೇಟರ್ ಪುರಾಣ ಹೇಳೋಕೆ ನನಗೆ ಬರಲ್ಲ. ದೂರು ದಾಖಲಾಗಿ ಒಂದು ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಸಿಗುತ್ತದೆ. ಅಧಿಕೃತ ಸರ್ವಿಸ್ ಸೆಂಟರ್ ಮೇಲೆ ಇದು ಚೆನ್ನಾಗಿ ಕೆಲಸ ಮಾಡಿತು. ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಈ ವ್ಯವಸ್ಥೆಗೆ ಜೋಡಿಕೊಂಡಿವೆ, ದೂರು ಸೀದಾ ಕಂಪನಿಗೇ ಹೋಗುತ್ತದೆ. ಕೆಲವೇ ದಿನಕ್ಕೆ ಕಂಪನಿಯ ಪ್ರಾದೇಶಿಕ ಕಚೇರಿಯಿಂದ ಫೋನ್ ಬಂತು. ಮಾಡ್ಯೂಲ್ ಹೋಗಿದೆ ಅನ್ನೋದಕ್ಕೆ ಯಾವ ಟೆಸ್ಟ್ ಆಧಾರ ಅಂತ ನಾನು ಕೇಳಿದ್ದಕ್ಕೆ ಸರ್ವಿಸ್ ಸೆಂಟರ್ ಏನೂ ತೋರಿಸಲಾಗಲಿಲ್ಲ. ತಪಾಸಣೆಯ ಹಣ, ನಾನು ಒಪ್ಪದ ಕೆಲಸಗಳ ಹಣ ಎರಡೂ ವಾಪಸ್. ಮೊದಲು ಮುಂದಿನ ಸರ್ವಿಸಿಗೆ ಕೂಪನ್ ಕೊಡ್ತೀವಿ ಅಂದರು. ಮತ್ತೆ ಅಲ್ಲಿಗೆ ಹೋಗುವವರು ಯಾರು? ಬೇಡ, ಬ್ಯಾಂಕಿಗೆ ಹಾಕಿ ಅಂದೆ.

ಅದೇ 1915 ಮಲ್ಟಿಬ್ರ್ಯಾಂಡ್ ಮೇಲೆ ಪೂರ್ತಿ ಠುಸ್. 'ಕೆಲಸ ಜಾಬ್ ಕಾರ್ಡ್ ಪ್ರಕಾರ ಆಗಿದೆ' ಅಂತ ಒಂದು ಸಾಲಿನ ಉತ್ತರ ಬಂತು, ದೂರು ಮುಚ್ಚಿತು. ಸಹಾಯವಾಣಿಗೆ ಆದೇಶ ಕೊಡುವ ಅಧಿಕಾರ ಇಲ್ಲ, ಮಧ್ಯೆ ನಿಂತು ಕೇಳಬಹುದು ಅಷ್ಟೇ. ಮೇಲೆ ಹೆದರುವ ಕಂಪನಿ ಇದ್ದರೆ ಮಾತ್ರ ಅದರ ಕೇಳಿಕೆಗೆ ಬೆಲೆ.

ಮಲ್ಟಿಬ್ರ್ಯಾಂಡ್‌ನವರಿಗೆ ಕಳಿಸಿದ ವಕೀಲರ ನೋಟಿಸಿಗೆ 2,500 ಆಯಿತು. ನನ್ನ ಪ್ರಕಾರ ನಾಲ್ಕರಲ್ಲಿ ಅತಿ ಕಡಿಮೆ ಲಾಭದ ಖರ್ಚು ಇದು. ಗ್ರಾಹಕ ಆಯೋಗಕ್ಕೆ ಹೋಗುವ ಮುಂಚೆ ನೋಟಿಸ್ ಕಡ್ಡಾಯ ಅಂತ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನೀವೇ ಒಂದು ಪುಟ ಬರೆದು ಸ್ಪೀಡ್ ಪೋಸ್ಟ್ ಮಾಡಿದರೂ ಸಾಕು. ಅವರ ವಕೀಲರು ಉದ್ದನೆಯ ನಿರಾಕರಣೆ ಕಳಿಸಿದರು. ಒಂದೇ ಲಾಭ ಅಂದರೆ, ಅದರಲ್ಲಿ 'ಗ್ರಾಹಕರ ಕೋರಿಕೆಯ ಮೇರೆಗೆ' ಆಲ್ಟರ್ನೇಟರ್ ಬದಲಿಸಿದೆವು ಅಂತ ಬರೆದಿದ್ದರು. ಜಾಬ್ ಕಾರ್ಡಿನಲ್ಲಿ ಇರುವುದೇ ಬೇರೆ. ಈ ಸಾಲು ಮುಂದೆ ಕೆಲಸಕ್ಕೆ ಬಂತು.

ಜಿಲ್ಲಾ ಗ್ರಾಹಕ ಆಯೋಗದ ಬಗ್ಗೆ ಇರುವ ಭಯ ಜಾಸ್ತಿ, ನಿಜವಾದ ಕಷ್ಟ ಅಷ್ಟಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಊರಿನಲ್ಲೇ ಹಾಕಬಹುದು. ಊರಿಗೆ ಹೋದಾಗ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ರಿಪೇರಿ ಮಾಡಿಸಿ ಕೈ ಸುಟ್ಟುಕೊಂಡವರು ಪುಣೆಯಲ್ಲೇ ದೂರು ಕೊಡಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಗ್ರಾಹಕ ಪಂಚಾಯತ್ ಚಳವಳಿ 1974ರಲ್ಲಿ ಹುಟ್ಟಿದ್ದೇ ಈ ಊರಿನಲ್ಲಿ. ಹಾಗಾಗಿ ದೂರಿನ ಕರಡು ಓದಿ ತಿದ್ದಿಕೊಡುವ ಹಿರಿಯರು ಇಲ್ಲಿ ಸಿಗುತ್ತಾರೆ.

ಕಷ್ಟ ಇರುವುದು ಸಮಯದ್ದು. ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ತಾರೀಖುಗಳು ಹೇಳುವುದೇ ಬೇರೆ. ನನ್ನ ಕೇಸಿನಲ್ಲಿ ತೀರ್ಪಿನವರೆಗೆ ಹೋಗಲೇ ಇಲ್ಲ. ಆಯೋಗದ ನೋಟಿಸ್ ತಲುಪಿದ ಮೇಲೆ ವರ್ಕ್‌ಶಾಪಿನವರ ದನಿ ತಗ್ಗಿತು, ಮಧ್ಯಸ್ಥಿಕೆಗೆ ಒಪ್ಪಿದರು. ಹೊಸ ಆಲ್ಟರ್ನೇಟರ್ ಹಾಕಿದ ಮೇಲೂ 0.38 ಇತ್ತು ಅನ್ನುವ ಕಾಗದ, ಜಾಬ್ ಕಾರ್ಡಿನ ಸಾಲು, ಅವರ ವಕೀಲರ ಉತ್ತರ, ಮೂರನ್ನೂ ಮೇಜಿನ ಮೇಲಿಟ್ಟೆ. 11,000ದಲ್ಲಿ 8,000 ಕೊಟ್ಟರು. ಹೊಸ ಆಲ್ಟರ್ನೇಟರ್ ನನ್ನ ಕಾರಿನಲ್ಲೇ ಇದೆಯಲ್ಲ, ಹಾಗಾಗಿ ಪೂರ್ತಿ ಕೇಳುವುದು ನನಗೂ ನ್ಯಾಯ ಅನಿಸಲಿಲ್ಲ.

ಮೂರು ನಾಲ್ಕು ಸಾವಿರದ ತಕರಾರಿಗೆ ನಾನಾದರೆ ಮ್ಯಾನೇಜರ್ ಹತ್ತಿರವೇ ನಿಲ್ಲಿಸುತ್ತೇನೆ. ಅಧಿಕೃತ ಸೆಂಟರ್ ಆದರೆ ಮೊತ್ತ ಎಷ್ಟೇ ಇರಲಿ 1915. ಹತ್ತು ಸಾವಿರ ದಾಟಿ, ಎದುರಿನವರು ಸ್ವತಂತ್ರ ವರ್ಕ್‌ಶಾಪ್ ಆಗಿದ್ದರೆ, ನೋಟಿಸಿಗೆ ದುಡ್ಡು ಹಾಕದೆ ಸೀದಾ ಆಯೋಗ. ಎಲ್ಲಿಗೆ ಹೋಗುವ ಮುಂಚೆಯೂ ಬಿಲ್ಲಿನ ಜಿಎಸ್‌ಟಿ ಸಾಲು ನೋಡಿ. ನಂಬರಿನಲ್ಲಿ 15 ಅಕ್ಷರ ಇರಬೇಕು, ಮಹಾರಾಷ್ಟ್ರದ್ದಾದರೆ 27ರಿಂದ ಶುರುವಾಗಬೇಕು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ ಶೇಕಡಾ 18, ಅದಾದ ಮೇಲೂ 28 ಹಾಕಿದ್ದರೆ ಅಲ್ಲೇ ಹಿಡಿಯಬಹುದು. ನಂಬರೇ ಇಲ್ಲದೆ ಜಿಎಸ್‌ಟಿ ವಸೂಲಿ ಮಾಡಿದ್ದರೆ ಮ್ಯಾನೇಜರ್ ಜೊತೆಗಿನ ಮಾತು ಬೇಗ ಮುಗಿಯುತ್ತದೆ.

ಗುಂಪಿನಲ್ಲಿ ಇನ್ನೊಂದು ಪ್ರಶ್ನೆಯೂ ಬಂದಿತ್ತು: ಕಾರು ಮಾರಿದವರ ಮೇಲೆ ಹೋಗಬಹುದಲ್ವಾ? ನಾನು ತಗೊಂಡದ್ದು ಒಬ್ಬ ಖಾಸಗಿ ವ್ಯಕ್ತಿಯಿಂದ. ಅವರು ವ್ಯಾಪಾರಿ ಅಲ್ಲ, ಆದ್ದರಿಂದ ಗ್ರಾಹಕ ಆಯೋಗ ಇಲ್ಲಿ ಉಪಯೋಗಕ್ಕೆ ಬರಲ್ಲ. ಹಳೇ ಕಾರುಗಳ ಡೀಲರ್ ಹತ್ತಿರ ತಗೊಂಡವರಿಗೆ ಆ ಬಾಗಿಲು ತೆರೆದಿದೆ. ಖರೀದಿ ರಸೀದಿ, ವಾರಂಟಿ ಪತ್ರ, ಅವರು ಕೊಟ್ಟ ತಪಾಸಣೆ ವರದಿ ಮೂರನ್ನೂ ಎತ್ತಿಟ್ಟಿರಿ. ವರದಿಯಲ್ಲಿ 'ಎಲೆಕ್ಟ್ರಿಕಲ್ ಸರಿ ಇದೆ' ಅಂತ ಟಿಕ್ ಹಾಕಿದ್ದರೆ ದೂರಿಗೆ ಮೊದಲು ಲಗತ್ತಿಸಬೇಕಾದದ್ದು ಅದನ್ನೇ.